ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹಾಡುಗಳನ್ನು ಉಳಿಸಿಕೊಡಿ: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾನ್ಯ ಸಚಿವರಿಗೆ ನಮಸ್ಕಾರಗಳು.

ಈ ವಿಷಯವನ್ನು ಅರ್ಜಿಯಾಗಿ, ಜ್ಞಾಪನಾಪತ್ರವಾಗಿ, ನೋಂದಾಯಿತ ಅಂಚೆಯ ಲಕೋಟೆಯಾಗಿ ಹಲವು ವರ್ಷಗಳಿಂದ ಕಳುಹಿಸುತ್ತಾ ಬಂದಿದ್ದೇನೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲಿನ ಉತ್ತರ ಮೊದಲು ಬರುತ್ತಿತ್ತು. ಈಗ ಅದೂ ನಿಂತಿದೆ. ಆದ್ದರಿಂದ ನಾಲ್ಕು ಜನ ಓದಲಿ ಎಂದೇ ಹೀಗೆ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಕನ್ನಡದ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಊರೂರುಗಳಿಂದ ಕಲೆಹಾಕಿ, ಅವುಗಳ ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತಂದು, ಯಾರು ಬೇಕಾದರೂ ಉಚಿತವಾಗಿ ಕೇಳುವಂತೆ ಮಾಡಿ. ಆ ಕೆಲಸವನ್ನು ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹಾಡುಗಳಿಂದ ಆರಂಭಿಸಿ.

ಶಾಸ್ತ್ರಿಗಳು ಯಾರೆಂದು ತಮಗೆ ಹೇಳಬೇಕಾಗಿಲ್ಲ. ಮಾರ್ಚ್ 3 ಬಂತೆಂದರೆ ಕನ್ನಡದ ಮೊದಲ ವಾಕ್ಚಿತ್ರವನ್ನು ನೆನೆದು ಭಾಷಣ ಮಾಡುತ್ತೇವೆ. 1934ರ ಆ ದಿನ ತೆರೆಕಂಡ ‘ಸತಿ ಸುಲೋಚನ’ಕ್ಕೆ ಮಾತು ಬರೆದವರೂ ಹಾಡು ಬರೆದವರೂ ಅವರೇ. ಚಮನ್‌ಲಾಲ್ ಡುಂಗಾಜಿ ಹಣ ಹಾಕಿದ್ದು, ವೈ.ವಿ. ರಾವ್ ನಿರ್ದೇಶಿಸಿದ್ದು, ಕೊಲ್ಹಾಪುರದ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆದದ್ದು, ಸುಬ್ಬಯ್ಯ ನಾಯ್ಡು ಇಂದ್ರಜಿತುವಾದದ್ದು, ತ್ರಿಪುರಾಂಬ ಸುಲೋಚನೆಯಾದದ್ದು, ಆರ್. ನಾಗೇಂದ್ರರಾಯರು ರಾವಣನ ವೇಷ ಹಾಕಿ ಸಂಗೀತದ ಹೊಣೆಯನ್ನೂ ಹೊತ್ತದ್ದು, ಎಲ್ಲವೂ ಪುಸ್ತಕಗಳಲ್ಲಿದೆ. ಚಿತ್ರದ ಪ್ರತಿ ಮಾತ್ರ ಎಲ್ಲಿಯೂ ಇಲ್ಲ. ಕನ್ನಡ ತೆರೆಗೆ ಮೊದಲು ಹಾಡು ಬರೆದವರ ಮೊದಲ ಚಿತ್ರವನ್ನು ನಾವು ಕಳೆದುಕೊಂಡು ಕುಳಿತಿದ್ದೇವೆ. ಆ ನಷ್ಟವನ್ನು ಯಾವ ಸಚಿವರೂ ಇನ್ನು ತುಂಬಿಕೊಡಲಾರರು. ನಾನು ಕೇಳುತ್ತಿರುವುದು ಇನ್ನೂ ಕಳೆದುಹೋಗದ್ದನ್ನು.

ಶಾಸ್ತ್ರಿಗಳ ಹೆಸರು ಸಿನಿಮಾದಿಂದ ಬಂದದ್ದಲ್ಲ. 1882ರಲ್ಲಿ ಹುಟ್ಟಿದ ತುಮಕೂರು ಸೀಮೆಯ ಈ ಕವಿ ಬೆಳೆದದ್ದು ಕಂಪನಿ ನಾಟಕಗಳ ರಂಗದಲ್ಲಿ. ಗುಬ್ಬಿ ಕಂಪನಿಯ ‘ಸದಾರಮೆ’ ಎಂದೊಡನೆ ವೀರಣ್ಣನವರ ಕಳ್ಳನ ಪಾತ್ರವನ್ನು ನೆನೆಯುವವರು ಇಂದಿಗೂ ಇದ್ದಾರೆ. ಆ ನಾಟಕ ಬರೆದ ಶಾಸ್ತ್ರಿಗಳನ್ನು ನೆನೆಯುವವರು ಕಡಿಮೆ. 1935ರಲ್ಲಿ ಅದೂ ಚಲನಚಿತ್ರವಾಯಿತು. ಆಗಿನ ರಂಗಗೀತೆಗಳು ಪುಸ್ತಕ ಓದಿ ಅರಿಯುವಂಥವಲ್ಲ. ಕೀರ್ತನೆಯ ಮಟ್ಟು, ಮರಾಠಿ ನಾಟಕದ ಮಟ್ಟು, ಪಾರ್ಸಿ ನಾಟಕದ ಮಟ್ಟು, ಯಾವುದು ಜನರ ಕಿವಿಯಲ್ಲಿದೆಯೋ ಅದಕ್ಕೆ ಪದ ಹೊಂದಿಸಬೇಕಿತ್ತು. ಹಾರ್ಮೋನಿಯಂ ಶ್ರುತಿ ಹಿಡಿದೊಡನೆ ನಟ ಕೊನೆಯ ಸಾಲಿನ ಗಿರಾಕಿಗೂ ಕೇಳುವಂತೆ ಹಾಡಬೇಕಿತ್ತು. ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕಿತ್ತು. ಅಂಥ ಬಾಯಿಗೆ ಹೊಂದುವ ಮಾತು ಬರೆಯುವುದು ಸಣ್ಣ ವಿದ್ಯೆಯಲ್ಲ. ಅಚ್ಚಾದ ನಾಟಕದಲ್ಲಿ ನಮಗೆ ಸಿಗುವುದು ಬರಿಯ ಪದ, ಮೇಲೊಂದು ರಾಗ ತಾಳದ ಸೂಚನೆ. ಎಲ್ಲಿ ಎಳೆದರು, ಎಲ್ಲಿ ಒಡೆದರು, ಯಾವ ಅಕ್ಷರದ ಮೇಲೆ ನಿಂತರು ಎಂಬುದು ತಟ್ಟೆಯಲ್ಲಿ ಮಾತ್ರ ಇದೆ. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು. ಅಷ್ಟರಲ್ಲೇ ಆ ಕಾಲದ ಕನ್ನಡ ಉಚ್ಚಾರವೂ ಉಳಿದಿದೆ.

ಶಾಸ್ತ್ರಿಗಳ ವಿಚಾರದಲ್ಲಿ ಇನ್ನೂ ಒಂದು ಕಷ್ಟವಿದೆ. ಆಗಿನ ತಟ್ಟೆಗಳ ಚೀಟಿಯ ಮೇಲೆ ಹಾಡಿದವರ ಹೆಸರು, ಹಾಡಿನ ಮೊದಲ ಸಾಲು, ಹೆಚ್ಚೆಂದರೆ ರಾಗ ಮತ್ತು ನಾಟಕದ ಹೆಸರು ಇರುತ್ತಿದ್ದವು. ಬರೆದವರ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ತಟ್ಟೆಯನ್ನು ಕೇಳಿ, ಪದಗಳನ್ನು ಬರೆದುಕೊಂಡು, ಅಚ್ಚಾದ ನಾಟಕದೊಡನೆ ಹೋಲಿಸಿದರೆ ಮಾತ್ರ ಇದು ಯಾರ ಹಾಡು ಎಂದು ತಿಳಿಯುತ್ತದೆ. ತಟ್ಟೆ ಒಡೆದರೆ ಆ ಹಾದಿ ಮುಚ್ಚಿತು.

ತಟ್ಟೆ ಒಡೆಯುತ್ತದೆ, ಸ್ವಾಮಿ. ಅರಗು ಮತ್ತು ಕಲ್ಲಿನ ಪುಡಿ ಬೆರೆಸಿ ಒತ್ತಿದ ವಸ್ತು ಅದು. ಕೈಜಾರಿದರೆ ಮುಗಿಯಿತು. ಅದನ್ನು ನೆಟ್ಟಗೆ ನಿಲ್ಲಿಸಿ ಇಡಬೇಕು. ಮಲಗಿಸಿ ಮೇಲೆ ಭಾರ ಹೇರಬಾರದು. ಇದನ್ನು ಬಾಯಿಮಾತಿನಲ್ಲೂ ಹೇಳಿ, ಬರೆದೂ ಕೊಟ್ಟು, ನನ್ನ ತಂದೆ ಜೀವಮಾನವಿಡೀ ಕೂಡಿಸಿದ್ದ ತಟ್ಟೆಗಳ ಪೆಟ್ಟಿಗೆಯೊಂದನ್ನು ಸರ್ಕಾರಿ ಕಚೇರಿಯೊಂದಕ್ಕೆ ಒಪ್ಪಿಸಿದ್ದೆ. ಹಣ ಕೇಳಲಿಲ್ಲ, ಹೆಸರು ಹಾಕಿ ಎನ್ನಲಿಲ್ಲ, ಧ್ವನಿ ಇಳಿಸಿಕೊಂಡು ಜೋಪಾನವಾಗಿ ಇಡಿ ಎಂದಷ್ಟೇ ಬೇಡಿಕೊಂಡೆ. ಮೊದಲು ಅವುಗಳನ್ನು ಕೊಂಡ ರಸೀದಿ ಕೇಳಿದರು. ಆಮೇಲೆ ತಟ್ಟೆ ತಯಾರಿಸಿದ ಕಂಪನಿಯಿಂದ ನಿರಾಕ್ಷೇಪಣಾ ಪತ್ರ ತನ್ನಿ ಎಂದರು. ಎಂದೋ ಬಾಗಿಲು ಹಾಕಿದ ಕಂಪನಿಯನ್ನು ನಾನು ಎಲ್ಲಿ ಹುಡುಕಲಿ? ಕಡತ ಮೇಜಿನಿಂದ ಮೇಜಿಗೆ ಹೋಯಿತು, ಅಧಿಕಾರಿಗಳು ವರ್ಗವಾದರು. ಕೊನೆಗೆ ಪೆಟ್ಟಿಗೆಯನ್ನಾದರೂ ನೋಡುತ್ತೇನೆ ಎಂದು ಹಟ ಹಿಡಿದಾಗ ಉಗ್ರಾಣದ ಬೀಗ ತೆಗೆದರು. ತಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ನೆಲದ ಮೇಲೆ ಒಂದರ ಮೇಲೊಂದು ಮಲಗಿಸಿದ್ದರು. ಅವುಗಳ ಮೇಲೆ ಹಳೆಯ ಸಮಾರಂಭಗಳ ಕಬ್ಬಿಣದ ಚೌಕಟ್ಟುಗಳು, ಮಡಿಸಿಟ್ಟ ಬ್ಯಾನರ್‌ಗಳು. ಗೋಡೆಯಿಂದ ನೀರು ಜಿನುಗುತ್ತಿತ್ತು. ಎತ್ತಿದ ತಟ್ಟೆ ಕೈಯಲ್ಲೇ ಎರಡಾಯಿತು.

ಅಲ್ಲಿದ್ದ ಸಿಬ್ಬಂದಿ ಹೇಳಿದ ಮಾತು ಇದು: “ಎರಡೇ ತುಂಡಲ್ಲವೇ, ಅಂಟಿಸಿಕೊಳ್ಳಿ.”

ಆ ಮಾತನ್ನು ಇಂದಿಗೂ ಅರಗಿಸಿಕೊಳ್ಳಲು ನನ್ನಿಂದಾಗಿಲ್ಲ. ಆ ತಟ್ಟೆಗಳಲ್ಲಿ ಕಂಪನಿ ನಾಟಕದ ಹಾಡುಗಳಿದ್ದವು. ಕೆಲವು ಶಾಸ್ತ್ರಿಗಳವೇ ಎಂದು ತಂದೆ ಹೇಳುತ್ತಿದ್ದರು. ಹೌದೋ ಅಲ್ಲವೋ ಎಂದು ಇನ್ನು ಯಾರು ಹೋಲಿಸಿ ನೋಡಬೇಕು? ಸರ್ಕಾರವನ್ನು ನಂಬಿ ಕೊಟ್ಟವನಿಗೆ ಸರ್ಕಾರ ಕೊಟ್ಟ ಉತ್ತರ ಇದೇನು?

1957ರ ಕೃತಿಸ್ವಾಮ್ಯ ಕಾಯ್ದೆ ತಮ್ಮ ಅಧಿಕಾರಿಗಳಿಗೆ ಗೊತ್ತಿರಲೇಬೇಕು. ಶಾಸ್ತ್ರಿಗಳು ತೀರಿಕೊಂಡದ್ದು 1961ರಲ್ಲಿ. ಅವರ ಪದಗಳ ಮೇಲಿನ ಹಕ್ಕಿನ ಅವಧಿ 2021ರ ಕೊನೆಗೆ ಮುಗಿದಿದೆ. 1930ರ ದಶಕದ ಧ್ವನಿಮುದ್ರಿಕೆಗಳ ಅವಧಿಯಂತೂ ಎಂದೋ ಕಳೆದಿದೆ. ನಿರಾಕ್ಷೇಪಣಾ ಪತ್ರದ ನೆಪ ಇನ್ನು ಯಾರೂ ಹೇಳಕೂಡದು. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯ ತನ್ನ ಯೋಜನೆಯೊಂದರಲ್ಲಿ ಮುಂಬಯಿಯ ‘ಯಂಗ್ ಇಂಡಿಯಾ’ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತರಿಸಿದೆ. ತಾವು ಕುಳಿತಿರುವ ಬೆಂಗಳೂರಿನಲ್ಲೇ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಎಂಬ ಖಾಸಗಿ ಸಂಸ್ಥೆ ಹಳೆಯ ತಟ್ಟೆಗಳ ಕೆಲಸ ಮಾಡಿ ತೋರಿಸಿದೆ. ಖಾಸಗಿಯವರ ಕೈಲಾದದ್ದು ಕನ್ನಡದ ಹೆಸರಿನಲ್ಲೇ ಇರುವ ಇಲಾಖೆಯ ಕೈಲಾಗದೆ? ಕಾಗದಪತ್ರಗಳಿಗೆ ರಾಜ್ಯ ಪತ್ರಾಗಾರವಿದೆ. ಧ್ವನಿಗೂ ಅಂಥದೊಂದು ಬೇಕು.

ನನಗೆ ಪ್ರಶಸ್ತಿ ಬೇಡ, ಪರಿಹಾರವೂ ಬೇಡ. ಶಾಸ್ತ್ರಿಗಳ ಹೆಸರಿನಲ್ಲಿ ಮತ್ತೊಂದು ಸಮಾರಂಭ ಖಂಡಿತ ಬೇಡ. ತಟ್ಟೆಗಳನ್ನು ಕಲೆಹಾಕಿ. ಧ್ವನಿ ಇಳಿಸಿಕೊಳ್ಳಲು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗೆ ಹೊಂದುವ ಮುಳ್ಳು ಮತ್ತು ಕೆಲಸ ಬಲ್ಲವರನ್ನು ಒದಗಿಸಿ. ಪ್ರತಿ ಹಾಡಿನ ಮುಂದೆ ಹಾಡಿದವರೊಡನೆ ಬರೆದವರ ಹೆಸರನ್ನೂ ಹಾಕಿ. ಉಚಿತವಾಗಿ ಕೇಳಲು ಬಿಡಿ. ತುಮಕೂರು, ಮೈಸೂರು, ಹುಬ್ಬಳ್ಳಿ, ಬಳ್ಳಾರಿಯ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ತಟ್ಟೆಗಳಿವೆ. ಮನೆ ಮಾರುವಾಗ ಅವು ಗುಜರಿಗೆ ಹೋಗುತ್ತಿವೆ. ಕೊಡಲು ಸಿದ್ಧರಿರುವವರೂ ನನ್ನ ಕಥೆ ಕೇಳಿ ಹಿಂಜರಿಯುತ್ತಿದ್ದಾರೆ, ಅದರಲ್ಲಿ ಅವರ ತಪ್ಪಿಲ್ಲ.

ನನ್ನಲ್ಲಿ ಇನ್ನೊಂದು ಪೆಟ್ಟಿಗೆ ಉಳಿದಿದೆ. ನಾನು ಹೇಳಿದ ಏರ್ಪಾಡು ಆದ ದಿನ ಅದನ್ನು ತಮ್ಮ ಇಲಾಖೆಗೆ ಒಪ್ಪಿಸುತ್ತೇನೆ. ಅದಕ್ಕೆ ಮೊದಲು ಒಪ್ಪಿಸುವುದಿಲ್ಲ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬೇಡ. ಕೆಲಸ ಯಾವಾಗ ಆರಂಭವಾಗುತ್ತದೆ, ಯಾರು ಹೊಣೆ ಎಂಬುದನ್ನು ದಿನಾಂಕ ಹಾಕಿ ತಿಳಿಸಿ.

ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ನಾಗರಿಕ