ಆ ರಾತ್ರಿ ಲ್ಯಾಬಿನಲ್ಲಿ ಉಳಿದ ಅಕ್ಕನಿಗೆ

ಥೀಸಿಸ್ ಡಿಫೆನ್ಸ್ ಮುಗಿಯಿತು. ಗೈಡ್ ಸರ್‌ಗೆ, ಸೀಸಿಯಂ ಆವಿ ತುಂಬಿದ ಗಾಜಿನ ಕೋಶ ಮಾಡಿಕೊಟ್ಟವರಿಗೆ, ಕರಡು ಓದಿದ ಗೆಳೆಯರಿಗೆ, ಫೋನ್ ಎತ್ತದಿದ್ದರೂ ಬೇಜಾರು ಮಾಡಿಕೊಳ್ಳದ ಅಪ್ಪ ಅಮ್ಮನಿಗೆ ಮನಸಾರೆ ಧನ್ಯವಾದ.

ಇನ್ನು ಅಕ್ಕ. ಲ್ಯಾಬಿನ ಸೀನಿಯರ್. ಅವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಲೇಬೇಕು.

ನನ್ನ ಪ್ರಯೋಗ ಇಷ್ಟೇ: ಟೆರಾಹರ್ಟ್ಸ್ ಅಲೆಯ (ಮೈಕ್ರೋವೇವ್ ಮತ್ತು ಇನ್‌ಫ್ರಾರೆಡ್ ನಡುವಿನ ಅಲೆ) ವಿದ್ಯುತ್ ಕ್ಷೇತ್ರವನ್ನು ಪರಮಾಣುಗಳಿಂದಲೇ ಅಳೆಯುವುದು. ಸೀಸಿಯಂ ಪರಮಾಣುಗಳನ್ನು ಲೇಸರ್‌ಗಳಿಂದ ರಿಡ್‌ಬರ್ಗ್ ಸ್ಥಿತಿಗೆ (ಹೊರ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ಬಹಳ ದೂರ ಇರುವ ಸ್ಥಿತಿ) ಏರಿಸಿ, ಮೇಲೆ ಟೆರಾಹರ್ಟ್ಸ್ ಅಲೆ ಹಾಯಿಸಿದರೆ ಪರಮಾಣುವಿನ ರೋಹಿತದ ಒಂದು ಗೆರೆ ಎರಡಾಗಿ ಸೀಳಬೇಕು. 1955ರಲ್ಲಿ ಭೌತವಿಜ್ಞಾನಿಗಳಾದ ಆಟ್ಲರ್ ಮತ್ತು ಟೌನ್ಸ್ ತೋರಿಸಿಕೊಟ್ಟ ಸೀಳು ಅದು. ಸೀಳಿದ ಎರಡು ಗೆರೆಗಳ ನಡುವಿನ ಆವರ್ತನದ ಅಂತರವನ್ನು ಪ್ಲಾಂಕ್ ಸ್ಥಿರಾಂಕದಿಂದ ಗುಣಿಸಿ, ಪರಮಾಣುವಿನ ಡೈಪೋಲ್ ಮೊಮೆಂಟ್‌ನಿಂದ (ಕ್ಷೇತ್ರಕ್ಕೆ ಅದು ಎಷ್ಟು ಬಲವಾಗಿ ಸ್ಪಂದಿಸುತ್ತದೆ ಎಂಬ ಅಳತೆ) ಭಾಗಿಸಿದರೆ ವಿದ್ಯುತ್ ಕ್ಷೇತ್ರ ಸಿಕ್ಕಿಬಿಡುತ್ತದೆ. ಬೇರೆ ಮೀಟರ್‌ಗೆ ಹೋಲಿಸಿ ಸರಿಪಡಿಸುವ ಅಗತ್ಯವೇ ಇಲ್ಲ. ಎಷ್ಟು ಚೆಂದ ಅಲ್ವಾ?

ನಮ್ಮ ಗೆರೆ ಮಾತ್ರ ಸೀಳುತ್ತಿರಲಿಲ್ಲ. ಸುಮ್ನೆ ಅಗಲವಾಗಿ, ಮಸುಕಾಗಿ ಹರಡಿಕೊಳ್ಳುತ್ತಿತ್ತು. ಆ ರಾತ್ರಿ ನನಗೆ ಅಳು ಬಂದುಬಿಟ್ಟಿತು. "ಬಿಟ್ಟುಬಿಡ್ತೀನಿ ಅಕ್ಕ, ನನ್ನ ಕೈಲಿ ಆಗಲ್ಲ" ಅಂದೆ. ನಿಜವಾಗಿಯೂ ಬಿಡುವವಳಿದ್ದೆ.

ಅಕ್ಕ ಸಮಾಧಾನ ಹೇಳಲಿಲ್ಲ. ಬ್ಯಾಗ್ ಕೆಳಗಿಟ್ಟು, ಲೈಟ್ ಆರಿಸಿ, ಕ್ಯಾಮೆರಾವನ್ನು ಕೋಶದ ಪಕ್ಕಕ್ಕೆ ತಂದರು. ನಮ್ಮ ಮೂರೂ ಲೇಸರ್‌ಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆದರೆ 0.55 ಟೆರಾಹರ್ಟ್ಸ್ ಅಲೆ ತಾಗಿದ ಕಡೆ ಪರಮಾಣುಗಳು ಹಸಿರಾಗಿ ಹೊಳೆಯುತ್ತವೆ. ಪರದೆಯ ಮೇಲೆ ಆ ಹಸಿರು ಪಟ್ಟೆ ಪಟ್ಟೆಯಾಗಿತ್ತು. ಒಂದು ಹೊಳಪು, ಒಂದು ಕಪ್ಪು, ಮತ್ತೆ ಹೊಳಪು. ನಡುವೆ ಸುಮಾರು 0.27 ಮಿಲಿಮೀಟರ್, ಅಂದರೆ ಅಲೆಯ ಉದ್ದದ ಅರ್ಧ. ಗಾಜಿನ ಗೋಡೆಗೆ ಬಡಿದು ಮರಳಿದ ಅಲೆ, ಬರುತ್ತಿದ್ದ ಅಲೆಯ ಜೊತೆ ಸೇರಿ ನಿಂತುಬಿಟ್ಟಿತ್ತು. ಕ್ಷೇತ್ರ ಒಂದು ಕಡೆ ಜೋರು, ಪಕ್ಕದಲ್ಲೇ ಕಡಿಮೆ. ನಾವು ಎಲ್ಲವನ್ನೂ ಒಟ್ಟಿಗೆ ಓದುತ್ತಿದ್ದೆವು, ಗೆರೆ ಕಲಸಿಹೋಗುತ್ತಿತ್ತು.

"ಒಂದೇ ಪಟ್ಟೆಯ ಬೆಳಕು ತಗೊಂಡು ನೋಡು" ಅಂದರು. ತಗೊಂಡೆ. ಎರಡು ಶಿಖರಗಳು, ನಡುವೆ ಸ್ಪಷ್ಟ ಕಣಿವೆ. ಬೆಳಗಾಗುವವರೆಗೆ ಒಂದೊಂದೇ ಪಟ್ಟೆಯನ್ನು ಅಳೆದೆವು. ನಾನು ಬರೆದುಕೊಂಡೆ, ಅವರು ಲೇಸರ್ ಲಾಕ್ ಬಿಡದಂತೆ, ಅಂದರೆ ಅದರ ಆವರ್ತನ ಜಾರದಂತೆ, ಕಾದರು. ಅದು ಅವರ ಪ್ರಯೋಗವೂ ಅಲ್ಲ, ಅವರ ಪಾಳಿಯೂ ಅಲ್ಲ. ಡಿಫೆನ್ಸ್‌ನಲ್ಲಿ ಎಲ್ಲರೂ ಮೆಚ್ಚಿದ ಚಿತ್ರ ಆ ರಾತ್ರಿಯದ್ದೇ.

ಅಕ್ಕ, ನೀವು ಇದನ್ನು ಓದಿ "ಏನಿದೆಲ್ಲ" ಅನ್ನುತ್ತೀರಿ, ಗೊತ್ತು. ಆದರೂ ಬರೆದೆ. ಇನ್ನು ಹೊಸಬರಿಗೆ ಲೇಸರ್‌ಗಳ ಅಲೈನ್‌ಮೆಂಟ್ ಕಲಿಸುವ ಕೆಲಸ ನನಗೆ ಬಿಡಿ. ನೀವು ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ.