ಔಷಧದ ಸುದ್ದಿಯಲ್ಲಿ ಅದು ಕೆಲಸ ಮಾಡುವ ಬಗೆಯೂ ಇರಲಿ

ಮಾನ್ಯರೆ,

ಹೊಸ ರಾಸಾಯನಿಕವೊಂದು ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ವಿಜ್ಞಾನ ಕಲಿಸುವ ನಾನು ಅದನ್ನು ತರಗತಿಯಲ್ಲಿ ಓದಿಸುತ್ತೇನೆ. 'ಹೇಗೆ ಕೊಂದಿತು ಮಿಸ್?' ಎಂದು ಮಕ್ಕಳು ಕೇಳುತ್ತಾರೆ. ಸುದ್ದಿಯಲ್ಲಿ ಉತ್ತರ ಇರುವುದಿಲ್ಲ. ಗಾಜಿನ ತಟ್ಟೆಯಲ್ಲಿರುವ ಕೋಶಗಳನ್ನು ಎಷ್ಟೋ ರಾಸಾಯನಿಕಗಳು ಕೊಲ್ಲುತ್ತವೆ. ಕೋಶದೊಳಗೆ ಅದು ಯಾವ ಪ್ರೋಟೀನಿಗೆ ಅಂಟಿತು, ಅಂಟಿದ ಮೇಲೆ ಏನಾಯಿತು ಎನ್ನುವುದೇ ಮುಖ್ಯ ಅಲ್ವಾ? ಕೆಮಿಕಲ್ ಬಯಾಲಜಿಯವರು, ಅಂದರೆ ರಾಸಾಯನಿಕಗಳ ಮೂಲಕ ಜೀವಕೋಶದ ಕೆಲಸವನ್ನು ಅರಿಯುವವರು, ಹುಡುಕುವುದು ಇದನ್ನೇ.

ಥಾಲಿಡೊಮೈಡ್ ಕಥೆ ನೋಡಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಯ ಔಷಧವಾಗಿ ಮಾರಾಟಕ್ಕೆ ಬಂತು. ಬಸುರಿಯರು ವಾಂತಿ ನಿಲ್ಲಲೆಂದೂ ನುಂಗಿದರು. ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. 1961ರಲ್ಲಿ ಅಲ್ಲಿ ಮಾರಾಟ ನಿಂತಿತು. ಆದರೆ ಅದು ಕೋಶದಲ್ಲಿ ಹಿಡಿಯುವುದು ಯಾವುದನ್ನು ಎಂದು ತಿಳಿದದ್ದು 2010ರಲ್ಲಿ! ಜಪಾನಿನ ಹಿರೋಶಿ ಹಂಡಾ ಅವರ ತಂಡ ತೀರಾ ಸಣ್ಣ ಮಣಿಗಳಿಗೆ ಈ ಔಷಧದ ಅಣುಗಳನ್ನು ಕಟ್ಟಿತು. ಗಾಳಕ್ಕೆ ಹುಳು ಸಿಕ್ಕಿಸಿ ನೀರಿಗೆ ಬಿಟ್ಟ ಹಾಗೆ, ಮಣಿಗಳನ್ನು ಒಡೆದ ಕೋಶಗಳ ರಸಕ್ಕೆ ಬಿಟ್ಟಿತು. ತೊಳೆದ ಮೇಲೂ ಬಿಡದೆ ಅಂಟಿಕೊಂಡಿದ್ದದ್ದು ಸೆರೆಬ್ಲಾನ್ ಎಂಬ ಪ್ರೋಟೀನು. ಔಷಧ ಅಂಟದ ಹಾಗೆ ಬದಲಿಸಿದ ಸೆರೆಬ್ಲಾನನ್ನು ಜೀಬ್ರಾ ಮೀನಿಗೂ ಕೋಳಿಯ ಭ್ರೂಣಕ್ಕೂ ಸೇರಿಸಿದಾಗ ಔಷಧದಿಂದ ಆಗುವ ಹಾನಿ ತಗ್ಗಿತು. ಎಷ್ಟು ಚೆಂದದ ಪರೀಕ್ಷೆ! ಇದನ್ನು ಹೇಳಿದರೆ ಎಂಟನೇ ತರಗತಿಯವರಿಗೂ ಅರ್ಥವಾಗುತ್ತದೆ.

ಯಾವ ಪ್ರೋಟೀನನ್ನು ಒಡೆದು ಹಾಕಬೇಕು ಎಂದು ಗುರುತು ಹಚ್ಚುವ ಕೆಲಸದಲ್ಲಿ ಸೆರೆಬ್ಲಾನಿಗೂ ಪಾಲಿದೆ. ಥಾಲಿಡೊಮೈಡ್ ಅಂಟಿದರೆ ಸೆರೆಬ್ಲಾನ್ ಮೊದಲು ಮುಟ್ಟದಿದ್ದ ಪ್ರೋಟೀನುಗಳನ್ನೂ ಹಿಡಿಯುತ್ತದೆ, ಅವೂ ಒಡೆದು ಹೋಗುತ್ತವೆ. ಅವುಗಳಲ್ಲಿ ಸಾಲ್4 ಎಂಬುದು ಭ್ರೂಣದ ಕೈಕಾಲು ಬೆಳೆಯಲು ಬೇಕಾದದ್ದು. ಇಕಾರೋಸ್, ಐಯೊಲೋಸ್ ಎಂಬ ಇನ್ನೆರಡು, ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳು ಬದುಕಲು ಬೇಕಾದವು. ಅದಕ್ಕೇ ಇದೇ ಜಾತಿಯ ಲೆನಲಿಡೊಮೈಡ್ ಆ ಕಾಯಿಲೆಗೆ ಔಷಧವಾಗಿದೆ. ನಮ್ಮ ಅತ್ತೆ ಅದನ್ನೇ ತೆಗೆದುಕೊಳ್ಳುತ್ತಿದ್ದಾರೆ. ಥಾಲಿಡೊಮೈಡ್ ಹೆಸರು ಕೇಳಿ ತುಂಬಾ ಹೆದರಿದ್ದರು. ಚಿತ್ರ ಬರೆದು ವಿವರಿಸಿದ ಮೇಲೆ ಧೈರ್ಯ ಬಂತು. ಬಸುರಿಯರು ಅದನ್ನು ತೆಗೆದುಕೊಳ್ಳಲೇಬಾರದು ಎಂಬ ಕಟ್ಟುನಿಟ್ಟು ಯಾಕೆಂದೂ ತಿಳಿಯಿತು.

ಈಗ ವಿಜ್ಞಾನಿಗಳು ಎರಡು ತುದಿಯ ಅಣುಗಳನ್ನೂ ಮಾಡುತ್ತಿದ್ದಾರೆ. ಒಂದು ತುದಿ ಸೆರೆಬ್ಲಾನನ್ನು ಹಿಡಿದರೆ, ಇನ್ನೊಂದು ರೋಗಕ್ಕೆ ಕಾರಣವಾದ ಪ್ರೋಟೀನನ್ನು ಒಡೆದು ಹಾಕಿಸಲು ಅದರ ಬಳಿಗೆ ಎಳೆದು ತರುತ್ತದೆ.

ದಯವಿಟ್ಟು ಇಂಥ ಸುದ್ದಿಗೆ ನಾಲ್ಕು ಸಾಲು ಜಾಸ್ತಿ ಕೊಡಿ. ಯಾವ ಪ್ರೋಟೀನು, ಅದು ಗೊತ್ತಾದದ್ದು ಹೇಗೆ, ಪರೀಕ್ಷೆ ನಡೆದದ್ದು ತಟ್ಟೆಯಲ್ಲೋ ಪ್ರಾಣಿಗಳಲ್ಲೋ ಮನುಷ್ಯರಲ್ಲೋ ಎಂದು ಬರೆಯಿರಿ. ಇನ್ನೂ ಗೊತ್ತಾಗಿಲ್ಲದಿದ್ದರೆ, ಗೊತ್ತಾಗಿಲ್ಲ ಎಂದೇ ಬರೆಯಿರಿ.

– ಒಬ್ಬ ವಿಜ್ಞಾನ ಶಿಕ್ಷಕಿ