ಮಿಕ್ಸರ್‌ಗೆ ಕರೆಂಟ್ ಕೊಡುವ ಮುನ್ನ ಅರ್ಥಿಂಗ್ ನೋಡಿ

ಮಾನ್ಯ ಸಂಪಾದಕರೇ,

ಕಲಬುರಗಿ ಜಿಲ್ಲೆಯ ಜಾತ್ರೆ, ಉರುಸು, ಗಣೇಶೋತ್ಸವದ ವೇದಿಕೆಗಳಿಗೂ ಈಗ ಮೈಕು, ವಾದ್ಯಗಳ ದನಿ ಬೆರೆಸಿ ಸ್ಪೀಕರಿಗೆ ಕಳಿಸುವ ಡಿಜಿಟಲ್ ಮಿಕ್ಸರ್ ಬಂದಿದೆ. ಕರೆಂಟ್ ಕೊಡುವ ರೀತಿ ಮಾತ್ರ ಬದಲಾಗಿಲ್ಲ. ಸೀರಿಯಲ್ ಸೆಟ್, ಕೂಲರ್ ಹಾಕಿದ ಎಕ್ಸ್‌ಟೆನ್ಶನ್ ಬೋರ್ಡಿಗೇ ಮಿಕ್ಸರ್ ಕೂಡ. ಗುಂಯ್ ಎಂದು ಸದ್ದು ಬಂದರೆ ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥ್ ಪಿನ್, ಕಿತ್ತುಹಾಕುತ್ತಾರೆ. ಇದು ಜೀವಕ್ಕೇ ಸಂಚಕಾರ. ಅರ್ಥ್ ಇಲ್ಲದ ಸಲಕರಣೆಯ ಒಳಗೆ ಇನ್ಸುಲೇಶನ್ ಕೆಟ್ಟರೆ ಫೇಸ್ ಕರೆಂಟು ಕೇಬಲ್ಲಿನ ಶೀಲ್ಡ್ (ಒಳತಂತಿಗಳನ್ನು ಸುತ್ತಿದ ಲೋಹದ ಹೊದಿಕೆ) ಹಿಡಿದು ಮೈಕಿನ ಜಾಲರಿಯವರೆಗೂ ಬರುತ್ತದೆ. ಹಾಡುವವರ ತುಟಿ ತಾಗುವುದು ಆ ಜಾಲರಿಗೇ.

ಆ ಸದ್ದಿಗೆ ಸಾಮಾನ್ಯ ಕಾರಣ, ಮಿಕ್ಸರ್ ಒಂದು ಕಡೆಯ ಅರ್ಥ್, ಆಂಪ್ಲಿಫೈಯರ್ ಇನ್ನೊಂದು ಕಡೆಯ ಅರ್ಥ್ ಹಿಡಿದಿರುವುದು. ಎರಡಕ್ಕೂ ಒಂದೇ ಡಿಸ್ಟ್ರಿಬ್ಯೂಶನ್ ಬಾಕ್ಸಿನಿಂದ ಲೈನ್ ಎಳೆಯಿರಿ. ಕೀಬೋರ್ಡ್, ಲ್ಯಾಪ್‌ಟಾಪ್‌ಗಳನ್ನು ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ ಹೊಂದಿಸುವ ಪೆಟ್ಟಿಗೆ) ಮೂಲಕ ಕೊಟ್ಟು, ಸಿಗ್ನಲ್ಲಿನ ಗ್ರೌಂಡ್ ಸಂಪರ್ಕ ಮಾತ್ರ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಬಳಸಿ. ಕಡಿಯುವುದಿದ್ದರೆ ಮಿಕ್ಸರಿನಿಂದ ಆಂಪ್ಲಿಫೈಯರಿಗೆ ಹೋಗುವ ಸಿಗ್ನಲ್ ಕೇಬಲ್ಲಿನ ಒಂದು ತುದಿಯ ಶೀಲ್ಡ್ ಕಡಿಯಬೇಕು, ಕರೆಂಟಿನ ಅರ್ಥ್ ಎಂದಿಗೂ ಅಲ್ಲ.

ಪ್ಲಗ್ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಫೇಸ್–ನ್ಯೂಟ್ರಲ್ 230 ವೋಲ್ಟ್ ಆಸುಪಾಸು, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್ ಬರಬೇಕು. ಫೇಸ್–ಅರ್ಥ್ ನೂರರ ಹತ್ತಿರ ತೋರಿಸಿದರೆ ಅರ್ಥ್ ತಂತಿ ಎಲ್ಲೋ ಬಿಟ್ಟಿದೆ. ಆದರೆ ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಅರ್ಥಿಂಗ್ ಗಟ್ಟಿಯಾಗಿದೆ ಎಂದಲ್ಲ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಬಿರುಕು ಬಿಟ್ಟು ರಾಡಿನ ಸುತ್ತ ಸಡಿಲಾಗುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥ್ ಯುಗಾದಿ ಹೊತ್ತಿಗೆ ಹೆಸರಿಗಷ್ಟೇ ಉಳಿಯುತ್ತದೆ. ಜನರೇಟರ್ ಪಕ್ಕ ಗೇಣುದ್ದ ಸರಳು ಚುಚ್ಚಿ ಬಿಟ್ಟರೆ ಸಾಲದು. ರಾಡು ಆಳಕ್ಕೆ ಇಳಿಯಬೇಕು, ಸುತ್ತ ನೀರು ಹೊಯ್ದು ಮಣ್ಣು ಗಟ್ಟಿ ಮಾಡಬೇಕು, ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ ಅಳೆದು ನೋಡಬೇಕು.

ಮಿಕ್ಸರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆ, ಏನೂ ಆಗದು ಎಂಬ ಧೈರ್ಯ ಬೇಡ. ತ್ರೀ ಫೇಸ್ ಜನರೇಟರಿನ ನ್ಯೂಟ್ರಲ್ ಸಡಿಲಾದರೆ ಲೋಡ್ ಕಡಿಮೆ ಇರುವ ಫೇಸಿನಲ್ಲಿ ವೋಲ್ಟೇಜ್ 300 ದಾಟಬಹುದು. ಪವರ್ ಸಪ್ಲೈ ಕ್ಷಣದಲ್ಲಿ ಸುಡುತ್ತದೆ. ಮಿಕ್ಸರ್ ಹಿಂದೆ, ಕರೆಂಟನ್ನು ಸದಾ ಇನ್ವರ್ಟರ್ ಮೂಲಕವೇ ಕೊಡುವ 1 ಕೆವಿಎ ಆನ್‌ಲೈನ್ ಯುಪಿಎಸ್ ಇಟ್ಟರೆ ಕರೆಂಟ್ ಕಣ್ಣುಮಿಟುಕಿಸಿದಾಗ ಮಿಕ್ಸರ್ ರೀಸ್ಟಾರ್ಟ್ ಆಗುವುದೂ ತಪ್ಪುತ್ತದೆ. ಆಂಪ್ಲಿಫೈಯರನ್ನು ಆ ಯುಪಿಎಸ್‌ಗೆ ಸೇರಿಸಬೇಡಿ. ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ತಿರುಗುಮುರುಗು.

ಹಿಂಬದಿಯ ಎಕ್ಸ್‌ಎಲ್‌ಆರ್‌ನಲ್ಲಿ (ಮೂರು ಪಿನ್ನಿನ ಮೈಕ್ ಕನೆಕ್ಟರ್) 1ನೇ ಪಿನ್ ಶೀಲ್ಡ್, 2 ಹಾಟ್ (ಸಿಗ್ನಲ್ ಪ್ಲಸ್), 3 ಕೋಲ್ಡ್ (ಸಿಗ್ನಲ್ ಮೈನಸ್). ಬೆಸುಗೆಯಲ್ಲಿ 2–3 ಅದಲುಬದಲಾದ ಮೈಕು ಇನ್ನೊಂದರ ಪಕ್ಕ ಇಟ್ಟಾಗ ದನಿ ಸೊರಗುತ್ತದೆ. ಮಿಕ್ಸರ್ ಕೇಬಲ್ ಮೂಲಕ ಕೊಡುವ 48 ವೋಲ್ಟ್ ಫ್ಯಾಂಟಮ್ ಕರೆಂಟು, ಕಂಡೆನ್ಸರ್ ಮೈಕಿನಂತೆ ಅದು ಬೇಕೇಬೇಕಾದ ಚಾನೆಲ್‌ಗೆ ಮಾತ್ರ, ಅದೂ ಚಾನೆಲ್ ಮ್ಯೂಟ್ ಮಾಡಿ ಕೇಬಲ್ ಹಾಕಿದ ನಂತರ. ವೇದಿಕೆಯ ಮೇಲೆ ಮೈಕು ಕೇಬಲ್ ಚುಚ್ಚುವ ಸ್ಟೇಜ್ ಬಾಕ್ಸಿನ ಎಇಎಸ್50 (ಡಿಜಿಟಲ್ ಧ್ವನಿ ಸಾಗಿಸುವ) ಪೋರ್ಟಿಗೆ ಶೀಲ್ಡ್ ಇರುವ ಕ್ಯಾಟ್5ಇ ನೆಟ್‌ವರ್ಕ್ ಕೇಬಲ್ ಮಿಕ್ಸರಿನಿಂದ ನೇರವಾಗಿ ಬರಬೇಕು. ನಡುವೆ ಕಂಪ್ಯೂಟರ್ ನೆಟ್‌ವರ್ಕ್ ಸ್ವಿಚ್ ಇಟ್ಟರೆ ಕೆಲಸ ಮಾಡದು.

ಉತ್ಸವ ಸಮಿತಿಗಳಿಗೆ, ಸ್ಥಳೀಯ ಸಂಸ್ಥೆಗಳಿಗೆ ನನ್ನ ಕೋರಿಕೆ ಇಷ್ಟೇ: ಶಾಮಿಯಾನ, ಲೈಟಿನವರಿಗೆ ಕೊಡುವ ಕೆಲಸದ ಆದೇಶದಲ್ಲಿ ಧ್ವನಿವರ್ಧಕಕ್ಕೆಂದೇ ಪ್ರತ್ಯೇಕ 16 ಆಂಪಿಯರ್ ಲೈನ್, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಳತೆ ಮಾಡಿದ ಅರ್ಥಿಂಗ್ ಎಂದು ಕಡ್ಡಾಯವಾಗಿ ಬರೆಸಿ.

– ಧ್ವನಿವರ್ಧಕ ತಂತ್ರಜ್ಞ, ಕಲಬುರಗಿ